ಹೇಳಿಸದೆ ಬಿಟ್ಟ ಐದನೆಯ ಮಾತು

ನನಗೆ ಈಜು ಬರುತ್ತದೆ. ಆಂಧ್ರದ ಆದೋನಿಯ ನಮ್ಮ ಓಣಿಯಲ್ಲಿ ನನ್ನ ವಾರಿಗೆಯ ಹೆಂಗಸರಲ್ಲಿ ಹೀಗೆ ಹೇಳಿಕೊಳ್ಳಬಲ್ಲವಳು ನಾನೊಬ್ಬಳೇ. ಹತ್ತಿ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅತ್ತೆಯವರು ನೆಂಟರ ಮುಂದೆ, ‘ನಮ್ಮ ಸೊಸಿಗೆ ಅಡಿಗಿ ಅಷ್ಟಕ್ಕಷ್ಟ, ಬಾವ್ಯಾಗ ಜಿಗಿಯಾಕ ಮಾತ್ರ ಚಲೋ ಬರ್ತೈತಿ’ ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ಹೊಗಳಿದ್ದೋ ಹಂಗಿಸಿದ್ದೋ ಇವತ್ತಿಗೂ ನನಗೆ ತಿಳಿದಿಲ್ಲ. ನನಗೆ ಮಾತ್ರ ಅದು ಹೆಮ್ಮೆಯ ವಿಷಯವಾಗಿತ್ತು. ಆ ಹೆಮ್ಮೆ ಹೇಗೆ ಇಳಿಯಿತು, ಅದರ ಜಾಗದಲ್ಲಿ ಭಯ ಹೇಗೆ ಬಂದು ಕೂತಿತು ಎಂಬುದನ್ನು ಬರೆಯಬೇಕು ಅನ್ನಿಸಿದೆ.

ನನ್ನ ತವರು ಆಸ್ಪರಿ ಕಡೆಯ ಒಂದು ಹಳ್ಳಿ. ಹತ್ತಿ ಮತ್ತು ಶೇಂಗಾ ಬೆಳೆಯುವ ಕಲ್ಲು ನೆಲ. ಕೆರೆ ಇಲ್ಲ, ಹೊಳೆ ಇಲ್ಲ. ಮುಳುಗುವಷ್ಟು ನೀರು ಇದ್ದದ್ದು ನಮ್ಮ ಹೊಲದ ಮೆಟ್ಟಿಲ ಬಾವಿಯಲ್ಲಿ ಮಾತ್ರ. ಅಪ್ಪ ನನಗೂ ನನ್ನ ತಮ್ಮನಿಗೂ ಅಲ್ಲೇ ಈಜು ಕಲಿಸಿದ. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮೆಟ್ಟಿಲ ಮೇಲಿಂದ ನೂಕುತ್ತಿದ್ದ. ಕೆಲವು ದಿನ ಕಳೆದ ಮೇಲೆ ಡಬ್ಬಿ ಬಿಚ್ಚಿದ, ಆಮೇಲೆ ಹಗ್ಗ ಬಿಚ್ಚಿದ. ಅವನು ಬಾಯಿಬಿಟ್ಟು ಹೇಳಿದ ಪಾಠ ಒಂದೇ.

‘ಮುಳಗಿದ್ರ ಹೆದರಬ್ಯಾಡ. ಕಾಲಿಗೆ ತಳ ಹತ್ತತೈತಿ. ಹತ್ತಿದ ಕೂಡ್ಲೆ ಜೋರ್ಲೆ ಒದಿ. ಬಾವಿನ ನಿನ್ನ ಮ್ಯಾಲೆ ಎತ್ತಿ ಕೊಡತೈತಿ.’

ಅದು ನಿಜವೇ ಆಗಿತ್ತು. ಕತ್ತಲಲ್ಲಿ, ಉಸಿರು ಕಟ್ಟಿದಾಗ, ಕಾಲಿಗೆ ಗಟ್ಟಿಯಾದದ್ದು ಏನು ಸಿಕ್ಕರೂ ಒದ್ದರೆ ಮುಂದಿನ ಕ್ಷಣ ತಲೆ ಬಿಸಿಲಿನಲ್ಲಿ ಇರುತ್ತಿತ್ತು. ನನ್ನ ಮಗಳಿಗೆ ಏಳು ವರ್ಷವಾದಾಗ ಬೇಸಿಗೆ ರಜೆಯಲ್ಲಿ ಅದೇ ಬಾವಿಗೆ ಕರೆದುಕೊಂಡು ಹೋಗಿ ಅದನ್ನೇ ಕಲಿಸಿದೆ. ಡಬ್ಬಿ ಮಾತ್ರ ಪ್ಲಾಸ್ಟಿಕ್ಕಿನದು. ಅವಳು ನೀರೊಳಗೆ ಇಳಿದು ಕಾಣದಂತಾದಾಗಲೆಲ್ಲ ನಾನು ಮೇಲಿನಿಂದ ‘ಒದಿ, ಒದಿ’ ಎಂದು ಕೂಗುತ್ತಿದ್ದೆ. ನೀರೊಳಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಕೂಗುತ್ತಿದ್ದೆ.

ದೊಡ್ಡವಳಾಗಿ ಅವಳು ವಿಮಾನ ಹಾರಿಸಲು ಕಲಿಯುತ್ತೇನೆ ಎಂದಾಗ ಮನೆಯವರೆಲ್ಲ ನನ್ನ ಮುಖ ನೋಡಿದರು. ನಾನು ಆಗಲಿ ಅಂದೆ. ಆಕಾಶದ ಬಗ್ಗೆ ನನಗೇನೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಹೆದರುವುದಾದರೂ ಹೇಗೆ? ಅವಳಿಗೆ ಲೈಸೆನ್ಸು ಬಂತು, ಓಣಿಗೆಲ್ಲ ಪೇಡೆ ಹಂಚಿದೆ. ಆದರೆ ಅದಾದ ಮೇಲೆ ಅವಳು ನೀರಿನ ಮೇಲೆ ಇಳಿಯುವ ವಿಮಾನದ ತರಬೇತಿಗೆ ಸೇರಿದಳು. ಗಾಲಿ ಇರಬೇಕಾದ ಜಾಗದಲ್ಲಿ ದೋಣಿಯ ಹಾಗೆ ಉದ್ದನೆಯ ಎರಡು ಡಬ್ಬಿಗಳು. ಅವಕ್ಕೆ ಫ್ಲೋಟು ಅನ್ನುತ್ತಾರೆ. ಸಿ. ಬೆಳಗಲ್ ಆಚೆ, ತುಂಗಭದ್ರೆಯ ಬ್ಯಾರೇಜಿನ ಹಿನ್ನೀರಿನಲ್ಲಿ ಒಂದು ಖಾಸಗಿ ಸಂಸ್ಥೆಯವರು ಮಳೆಗಾಲ ಮುಗಿದ ಮೇಲೆ ಕೆಲವು ತಿಂಗಳು ತರಬೇತಿ ಇಟ್ಟುಕೊಂಡಿದ್ದರು. ದಂಡೆಯ ಜನ ತೆಲುಗಿನಲ್ಲಿ ಅದಕ್ಕೆ ‘ನೀಳ್ಳ ವಿಮಾನಂ’, ನೀರಿನ ವಿಮಾನ, ಎಂದು ಹೆಸರಿಟ್ಟಿದ್ದರು. ಇಷ್ಟು ಹತ್ತಿರ ಬಂತಲ್ಲ ಎಂದು ನಮ್ಮ ಮನೆಯವರಿಗೆ ಖುಷಿ. ನನಗೆ ಮಾತ್ರ ಅಂದಿನಿಂದ ಭಯ ಹಿಡಿಯಿತು. ನೀರಿನ ಬಗ್ಗೆ ನನಗೆ ಗೊತ್ತಿತ್ತು.

ವಾರಕ್ಕೊಮ್ಮೆ ಮನೆಗೆ ಬಂದಾಗ ಊಟಕ್ಕೆ ಕೂತು ಅವಳು ಒಂದೊಂದೇ ಹೇಳುತ್ತಿದ್ದಳು. ನಾನೇ ಕೆದಕಿ ಕೇಳುತ್ತಿದ್ದೆ, ಕೇಳಿ ಆಮೇಲೆ ಒದ್ದಾಡುತ್ತಿದ್ದೆ.

‘ನೀರಿನ ಮ್ಯಾಲೆ ಬ್ರೇಕ್ ಅನ್ನೋದು ಇರಂಗಿಲ್ಲ ಅವ್ವ.’

‘ಮತ್ತ ನಿಲ್ಲಸೋದು ಹೆಂಗ?’

‘ತಾನ ನಿಂದರತೈತಿ.’

ನನ್ನ ಕೈಯಲ್ಲಿದ್ದ ರೊಟ್ಟಿ ತುಣುಕು ಕೈಯಲ್ಲೇ ಉಳಿಯಿತು. ಫ್ಲೋಟಿನೊಳಗೆ ಸಣ್ಣಗೆ ನೀರು ಸೋರುತ್ತದಂತೆ, ದಿನಾ ಬೆಳಿಗ್ಗೆ ಕೈಪಂಪಿನಿಂದ ಅದನ್ನು ಹೊರಗೆ ಎಳೆಯಬೇಕಂತೆ. ಒಂದು ದಿನ ಮರೆತರೆ ವಿಮಾನ ಒಂದು ಕಡೆಗೆ ವಾಲುತ್ತದಂತೆ. ಮೀನಿನ ಬಲೆ, ತೇಲಿ ಬಂದ ಮರದ ದಿಮ್ಮಿ, ಅಂತರಗಂಗೆ, ಏನು ಬೇಕಾದರೂ ಕಾಲಿಗೆ ತೊಡರಬಹುದಂತೆ. ಬಿರುಗಾಳಿ ಎಲ್ಲಕ್ಕಿಂತ ಕೆಟ್ಟದ್ದು ಇರಬೇಕು ಎಂದು ನಾನು ಎಣಿಸಿದ್ದೆ. ಅವಳು ತಲೆ ಅಲ್ಲಾಡಿಸಿದಳು.

‘ಗಾಳಿ ಇಲ್ಲದ ದಿನ ಭಾಳ ಖರಾಬು. ನೀರು ಕನ್ನಡಿ ಆಗತೈತಿ. ನಾವು ಎಷ್ಟು ಮ್ಯಾಲದೀವಿ ಅಂತ ಕಣ್ಣಿಗೆ ತಿಳಿಯಂಗಿಲ್ಲ. ಹತ್ತಾಳು ಮ್ಯಾಲದೀವಿ ಅಂದ್ಕೊಂಡಿರ್ತೀವಿ, ನೀರು ಅಲ್ಲೇ ಕಾಲಾಗ ಇರತೈತಿ.’

ಅದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಾಳಿಯಾಡದ ಮಧ್ಯಾಹ್ನ ಬಾವಿಯ ಕಟ್ಟೆಯ ಮೇಲೆ ನಿಂತರೆ ನೀರು ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಜಿಗಿಯುವ ಮೊದಲು ಒಂದು ಹಳ್ಳುಗಲ್ಲು ಎಸೆದು ನೀರು ಕದಡುತ್ತಿದ್ದೆವು. ವಿಮಾನದವರೂ ಅದನ್ನೇ ಮಾಡುತ್ತಾರಂತೆ: ಮೊದಲು ಮೋಟಾರು ದೋಣಿಯನ್ನು ಅಡ್ಡ ಓಡಿಸಿ ನೀರಿನ ಮೇಲೆ ಗೆರೆ ಬರೆಸುತ್ತಾರಂತೆ. ‘ಮತ್ತ ಗೆರಿ ಇಲ್ಲದ ಕಡೆ ಇಳಿಯೋದು ಬಂದ್ರ?’ ಎಂದೆ. ‘ಅದನ್ನೂ ಕಲಸ್ತಾರ’ ಎಂದು ಅವಳು ಇನ್ನಷ್ಟು ಪುಂಡಿಪಲ್ಲೆ ಬಡಿಸಿಕೊಂಡಳು.

ಮೊದಲ ಸಲ ನೋಡಲು ಹೋದಾಗ ನಾನು ಸುಮ್ಮನೆ ಹೋಗಲಿಲ್ಲ. ಅರಿಶಿನ ಕುಂಕುಮ ಹಚ್ಚಿದ ತೆಂಗಿನಕಾಯಿ ಒಯ್ದು, ಗಂಗಮ್ಮನಿಗೆ ಕೈಮುಗಿದು, ಇಡೀ ಕಾಯಿಯನ್ನು ನೀರಿಗೆ ಬಿಟ್ಟೆ. ಅದು ತೇಲುತ್ತಾ ನಡುನೀರಿಗೆ ಹೊರಟಿತು. ಅಷ್ಟರಲ್ಲಿ ತರಬೇತಿ ಕೊಡುವ ಸಾರ್ ಓಡಿ ಬಂದರು. ಕರಾವಳಿ ಕಡೆಯ ತೆಲುಗಿನವರು, ಐವತ್ತು ದಾಟಿದ್ದಾರೆ, ದನಿ ಏರಿಸುವುದು ಗೊತ್ತಿಲ್ಲದ ಮನುಷ್ಯ. ಓಡುವಾಗ ವಿಮಾನಕ್ಕೆ ಆ ಕಾಯಿ ಬಡಿದರೆ ಫ್ಲೋಟು ತೂತಾಗುತ್ತದೆ ಎಂದು ತೆಲುಗಿನಲ್ಲಿ ತಿಳಿಸಿ ಹೇಳಿದರು. ನಾನು ನಿಂತಲ್ಲೇ ಕುಗ್ಗಿಹೋದೆ. ಮಗಳ ಜೀವ ಕಾಯಲಿ ಎಂದು ಬಿಟ್ಟ ಕಾಯಿ! ದೋಣಿ ನಡೆಸುವ ಮುದುಕ, ನಂದವರಂ ಕಡೆಯ ಅಂಬಿಗ, ಹೋಗಿ ಅದನ್ನು ಎತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟ. ‘ತಾಯಿಗೆ ಮುಟ್ಟೇತಿ ಬಿಡ್ರಿ ಯವ್ವ’ ಎಂದು ಸಮಾಧಾನವನ್ನೂ ಹೇಳಿದ. ಮನೆಗೆ ತಂದು ಚಟ್ನಿ ಅರೆದೆ. ರುಚಿ ಹತ್ತಲಿಲ್ಲ.

ಇನ್ನು ಪಂಜರದ ಮಾತು. ನೀರಿನ ವಿಮಾನ ಮಗುಚಿದರೆ ತಲೆಕೆಳಗಾಗಿಯೇ ನಿಲ್ಲುತ್ತದೆ. ಫ್ಲೋಟುಗಳು ಮೇಲೆ ತೇಲುತ್ತವೆ, ಕೂತವರು ಬೆಲ್ಟಿನಲ್ಲಿ ನೇತಾಡುತ್ತಾ ನೀರೊಳಗೆ ಇರುತ್ತಾರೆ. ಹಾಗಿದ್ದಾಗ ಹೊರಗೆ ಬರುವುದನ್ನು ಮೊದಲೇ ರೂಢಿ ಮಾಡಿಸಬೇಕು ಎಂದು ಸಾರ್ ಹಟ ಹಿಡಿದರು. ಹಿನ್ನೀರು ಕೆಸರು, ಒಳಗೇನೂ ಕಾಣುವುದಿಲ್ಲ. ತಿಳಿನೀರು ಬೇಕು. ಮಗಳು ಹಿಂದೆಮುಂದೆ ನೋಡದೆ, ‘ನಮ್ಮ ಮಾವನ ಬಾವಿ ಐತಿ ಸಾರ್’ ಎಂದಳು. ಆ ವರ್ಷ ನನ್ನ ತವರಿನ ಬಾವಿ ಏಳನೆಯ ಮೆಟ್ಟಿಲವರೆಗೂ ತುಂಬಿತ್ತು. ಆದೋನಿಯಲ್ಲಿ ಹತ್ತಿ ಮಿಲ್ಲಿನ ಯಂತ್ರಗಳನ್ನು ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಪೈಪಿನ ಪಂಜರ ಮಾಡಿಸಿದರು. ಅದರೊಳಗೆ ಹಳೆಯ ಕಾರಿನ ಸೀಟು, ಬೆಲ್ಟು, ಹಿಡಿಕೆ ಇರುವ ಒಂದು ಬಾಗಿಲು. ನನ್ನ ತಮ್ಮ ಬಾವಿಯ ಮೋಟಾರು ಎತ್ತಲು ಇಟ್ಟುಕೊಂಡಿದ್ದ ಮೂರು ಕಾಲಿನ ಕಂಬ ಮತ್ತು ಚೈನ್ ಪುಲ್ಲಿಯಿಂದಲೇ ಅದನ್ನು ನೀರಿನ ಮೇಲೆ ತೂಗು ಹಾಕಿದರು. ನೀರೊಳಗೆ ಇಬ್ಬರು ಮುಳುಗುಗಾರರು ಕನ್ನಡಕ ಹಾಕಿಕೊಂಡು ಕಾದಿದ್ದರು.

ನಾನು ಏಳನೆಯ ಮೆಟ್ಟಿಲ ಮೇಲೆ ಕೂತಿದ್ದೆ, ಪಾದ ನೀರಲ್ಲಿತ್ತು. ಎಷ್ಟು ಸಲ ಖುಷಿಯಿಂದ ಜಿಗಿದ ಬಾವಿ ಅದು! ಅದರೊಳಗೆ ಈಗ ನನ್ನ ಮಗಳನ್ನು ಕಟ್ಟಿ ಇಳಿಸುತ್ತಿದ್ದರು. ಪಂಜರ ಮುಳುಗಿತು, ತಲೆಕೆಳಗಾಗಿ ತಿರುಗಿತು. ಗುಳ್ಳೆಗಳು ಬಂದವು. ಆಮೇಲೆ ಗುಳ್ಳೆಗಳು ಕಡಿಮೆಯಾದವು. ಒಳಗೆ ಧಡ್ ಎಂದು ಸಪ್ಪಳವಾಗಿ ಸರಪಳಿ ಅದುರಿತು. ಮುಳುಗುಗಾರರು ಒಮ್ಮೆಲೇ ಒಳಗೆ ಹೋಗಿ ಅವಳನ್ನು ಎಳೆದು ತಂದರು. ಕೆಮ್ಮುತ್ತಿದ್ದಳು, ನೆತ್ತಿಯ ಮೇಲೆ ಬೋರೆಕಾಯಿಯಷ್ಟು ಊದಿಕೊಂಡಿತ್ತು.

ಆದದ್ದು ಇಷ್ಟು. ತಿರುಗಿದ ಕೂಡಲೇ ಅವಳು ಬೆಲ್ಟು ಬಿಚ್ಚಿದ್ದಳು. ಬಿಚ್ಚಿ, ಕಾಲಿಗೆ ತಗುಲಿದ್ದನ್ನು ಬಲವಾಗಿ ಒದ್ದಿದ್ದಳು. ತಲೆಕೆಳಗಾದಾಗ ಕಾಲು ಮೇಲಿರುತ್ತದೆ. ಒದ್ದವರು ಇನ್ನೂ ಕೆಳಕ್ಕೇ ಹೋಗುತ್ತಾರೆ. ಅವಳ ತಲೆ ಪಂಜರದ ಚಾವಣಿಗೆ ಬಡಿದು, ಭುಜ ಪೈಪಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು.

‘ಎವರು ನೇರ್ಪಿಂಚಾರಮ್ಮಾ ನೀಕು ಈತ?’ ಎಂದು ಕೇಳಿದರು ಸಾರ್. ನಿನಗೆ ಈಜು ಕಲಿಸಿದವರು ಯಾರು ಎಂದು.

ನಾನು ಅಲ್ಲೇ ಮೂರು ಮೊಳ ದೂರದಲ್ಲಿ ಕೂತಿದ್ದೆ. ಬಾಯಿ ಬಿಡಲಿಲ್ಲ. ಮಗಳು ನನ್ನ ಕಡೆ ಒಮ್ಮೆ ನೋಡಿ, ‘ಸಣ್ಣಾಕಿದ್ದಾಗ ಕಲ್ತೆ ಸಾರ್’ ಎಂದಷ್ಟೇ ಹೇಳಿದಳು. ಅವಳು ನನ್ನನ್ನು ಕಾಪಾಡಿದಳು. ಅದು ನನಗೆ ಇನ್ನೂ ಚುಚ್ಚಿತು.

ಸಾರ್ ಬೆರಳು ಮಡಚುತ್ತಾ ಐದು ಮಾತು ಹೇಳಿದರು. ಮೊದಲನೆಯದು, ಬಾಗಿಲ ಹಿಡಿಕೆ ಹಿಡಿದ ಕೈ ಬಿಡಬಾರದು. ಕತ್ತಲಲ್ಲಿ ದಾರಿ ಗೊತ್ತಿರುವುದು ಆ ಕೈಗೆ ಮಾತ್ರ. ಎರಡನೆಯದು, ವಿಮಾನ ಉರುಳುವುದು ನಿಲ್ಲುವವರೆಗೆ, ಎಂಟರವರೆಗೆ ಎಣಿಸಬೇಕು. ಮೂರನೆಯದು, ಬಾಗಿಲು ತೆರೆಯಬೇಕು. ನಾಲ್ಕನೆಯದು, ಅದಾದ ಮೇಲೆಯೇ ಬೆಲ್ಟು ಬಿಚ್ಚಿ, ಹಿಡಿದ ಕೈಯನ್ನೇ ಜಗ್ಗಿಕೊಂಡು ಹೊರಗೆ ಬರಬೇಕು. ಐದನೆಯದು, ಬಾಗಿಲು ಸಿಕ್ಕಿಕೊಂಡರೆ ಬೆಲ್ಟು ಬಿಚ್ಚಲೇಬಾರದು. ಬೆಲ್ಟಿನ ಆಸರೆಯಲ್ಲೇ ಹಿಮ್ಮಡಿಯಿಂದ ಪಕ್ಕದ ಕಿಟಕಿಯನ್ನು ಒದೆಯಬೇಕು, ಆ ಗಾಜು ಒದೆಗೆ ಕಿತ್ತು ಬರುತ್ತದೆ. ಅವತ್ತು ಇನ್ನೂ ಐದು ಸಲ ಮುಳುಗಿಸಿದರು. ಕೊನೆಯ ಎರಡು ಸಲ ಅವಳು ಸರಿಯಾಗಿ ಬಂದಳು. ಪಂಜರಕ್ಕೆ ಗಾಜು ಇರಲಿಲ್ಲ, ಹಾಗಾಗಿ ಐದನೆಯದು ಬಾಯಿಮಾತಿನಲ್ಲೇ ಉಳಿಯಿತು.

ನಾನೂ ಒಮ್ಮೆ ಪಂಜರದಲ್ಲಿ ಕೂತು ನೋಡುತ್ತೇನೆ ಎಂದೆ. ‘ಅಕ್ಕ, ನಿನಗ ತಲಿ ಕೆಟ್ಟೈತೇನು’ ಎಂದು ತಮ್ಮ ಗದರಿದ. ಮನೆಗೆ ಬಂದವಳು ಮಂಚದ ಅಂಚಿನಿಂದ ತಲೆ ಕೆಳಗೆ ಇಳಿಬಿಟ್ಟು ಕಣ್ಣು ಮುಚ್ಚಿ ಉಸಿರು ಕಟ್ಟಿದೆ. ಉಸಿರು ಸಾಲದಾದ ಕ್ಷಣಕ್ಕೆ ನನ್ನ ಕಾಲು ತಾವಾಗಿ ಗೋಡೆಯನ್ನು ಒದ್ದವು. ನಾನು ಒದೆಯಬೇಕೆಂದು ಒದ್ದದ್ದಲ್ಲ. ಅಷ್ಟರಲ್ಲಿ ಒಳಗೆ ಬಂದ ನಮ್ಮ ಯಜಮಾನರು ತಲೆಕೆಳಗಾಗಿ ಮಲಗಿದ್ದ ಹೆಂಡತಿಯನ್ನು ನೋಡಿ, ಏನೂ ಕೇಳದೆ ಹೊರಗೆ ಹೋದರು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ನನ್ನ ಅಪ್ಪ ನನ್ನ ಕಾಲಿಗೆ ಕಲಿಸಿದ್ದು, ನಾನು ನನ್ನ ಮಗಳ ಕಾಲಿಗೆ ಕಲಿಸಿದ್ದು, ಆ ವಿಮಾನದೊಳಗೆ ಅವಳನ್ನು ಕೊಲ್ಲುತ್ತದೆ ಎಂದು ನನಗೆ ಖಾತ್ರಿಯಾಯಿತು.

ಕಲಿಸಿದ್ದನ್ನು ಮರೆಸಲು ಹೊರಟೆ. ಅವಳು ಮನೆಗೆ ಬಂದಾಗಲೆಲ್ಲ ಪಡಸಾಲೆಯ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸುತ್ತಿದ್ದೆ. ಕಣ್ಣಿಗೆ ವಲ್ಲಿಬಟ್ಟೆ ಕಟ್ಟುತ್ತಿದ್ದೆ. ಕೈ ಕಿಟಕಿಯ ಚಿಲಕದ ಮೇಲೆ. ಸೊಂಟಕ್ಕೆ ನನ್ನದೊಂದು ಹಳೆಯ ಸೀರೆಯ ಗಂಟು, ಅದೇ ಬೆಲ್ಟು. ನಾನು ಹೇಳುತ್ತಿದ್ದೆ: ‘ಕೈ. ಎಣಿಕಿ. ಬಾಗಲ. ಬೆಲ್ಟು.’ ಅವಳು ಅದರಂತೆ ಮಾಡುತ್ತಿದ್ದಳು. ಕಾಲು ಒಂಚೂರು ಅಲುಗಿದರೆ ಲಟ್ಟಣಿಗೆಯಿಂದ ಮೊಣಕಾಲಿಗೆ ತಟ್ಟಿ ‘ಒದೀಬ್ಯಾಡ’ ಅನ್ನುತ್ತಿದ್ದೆ. ಊಟಕ್ಕೆ ಮೊದಲು, ಚಹಾ ಕುಡಿದ ಮೇಲೆ, ಹೊರಡುವ ಮುಂಚೆ, ಎಷ್ಟು ಸಲ ಮಾಡಿಸಿದೆನೋ ಲೆಕ್ಕವಿಲ್ಲ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಆ ನಾಲ್ಕು ಮಾತು ಬರಬೇಕು ಎಂದು ನನ್ನ ಹಟ.

ಒಂದು ದಿನ ಅವಳು ವಲ್ಲಿ ಸರಿಸಿ ಕೇಳಿದಳು. ‘ಅವ್ವ, ಐದನೇದೊಂದು ಐತಲ್ಲ?’

‘ಅದು ಬ್ಯಾಡ.’

‘ಸಾರ್ ಹೇಳ್ಯಾರಲ್ಲ.’

‘ಮೊದ್ಲು ನಿನ್ನ ಕಾಲು ಸುಮ್ಮನ ಇರೋದು ಕಲೀಲಿ. ಆಮ್ಯಾಲೆ ನೋಡಾಣು.’

ಅವಳು ವಲ್ಲಿಯನ್ನು ಮತ್ತೆ ಕಣ್ಣಿಗೆ ಎಳೆದುಕೊಂಡಳು. ಒದೆ ಎಂಬ ಮಾತು ಬಾಯಲ್ಲಿ ಬಂದರೇ ನನಗೆ ಆ ಸರಪಳಿ ಅದುರಿದ ಸಪ್ಪಳ ಕೇಳಿಸುತ್ತಿತ್ತು. ಅದಕ್ಕೇ ಆ ಐದನೆಯದನ್ನು ನಾನು ಒಂದು ಸಲವೂ ಹೇಳಿಸಲಿಲ್ಲ. ಆಮೇಲೆ ನೋಡೋಣ ಎಂದದ್ದು ಹಾಗೆಯೇ ಉಳಿಯಿತು.

ಆ ಬೆಳಿಗ್ಗೆ ನಾನು ರೊಟ್ಟಿ ಬುತ್ತಿ ಕಟ್ಟಿಕೊಂಡು ಹಿನ್ನೀರಿಗೆ ಹೋಗಿದ್ದೆ. ಎಲೆ ಅಲುಗುತ್ತಿರಲಿಲ್ಲ. ಆಚೆ ದಂಡೆಯ ಜಾಲಿಮರಗಳು ನೀರೊಳಗೂ ಅಷ್ಟೇ ಸ್ಪಷ್ಟವಾಗಿ ನಿಂತಿದ್ದವು. ನೋಡಿದ ಕೂಡಲೇ ನಾನು ಬಗ್ಗಿ ಒಂದು ಹಳ್ಳು ಎತ್ತಿ ನೀರಿಗೆ ಎಸೆದೆ. ಸಾರ್ ನನ್ನ ಮುಖ ನೋಡಿ, ಬೇಕಾದರೆ ದೋಣಿಯಲ್ಲಿ ಕೂತು ನೋಡಿ ಎಂದರು. ಅಂಬಿಗ ನನಗೆ ಕಿತ್ತಳೆ ಬಣ್ಣದ ತೇಲುವ ಜಾಕೀಟು ತೊಡಿಸಿ ಮೂರು ಕಡೆ ಕ್ಲಿಪ್ಪು ಹಾಕಿದ. ನಾವು ನಡುನೀರಿನಲ್ಲಿ ಗೆರೆ ಬರೆದೆವು. ಮಗಳು ಮತ್ತು ಸಾರ್ ಕೂತ ವಿಮಾನ ಆ ಗೆರೆಗಳ ಮೇಲೆ ಎರಡು ಸಲ ಚೆನ್ನಾಗಿ ಇಳಿದು ಎದ್ದಿತು. ಮೂರನೆಯ ಸಲ ಸ್ವಲ್ಪ ಆಚೆ, ಗೆರೆ ಇಲ್ಲದ ಕಡೆ ಇಳಿಯುವುದಿತ್ತು. ಕನ್ನಡಿ ನೀರಿನಲ್ಲಿ ಇಳಿಯುವುದನ್ನು ಕಲಿಸಬೇಕಾದ್ದೇ ಅಂಥ ದಿನ ಎಂದು ಅಂಬಿಗ ನನಗೆ ಹೇಳಿದ.

ವಿಮಾನ ನಿಧಾನವಾಗಿ, ದಂಡೆಯ ಪಕ್ಕದಲ್ಲೇ ಕೆಳಗೆ ಬಂತು. ಮೇಲಿನ ವಿಮಾನ, ನೀರೊಳಗಿನ ವಿಮಾನ ಎರಡೂ ಹತ್ತಿರವಾಗುತ್ತಾ ಬಂದವು. ಮುಟ್ಟಿತು. ಬಿಳಿಯ ನೊರೆ ಎದ್ದಿತು. ನಾನು ಉಸಿರು ಬಿಡಬೇಕು ಅನ್ನುವಷ್ಟರಲ್ಲಿ ಎಡಗಡೆಯ ಫ್ಲೋಟು ಏನಕ್ಕೋ ತಗುಲಿತು. ಅರ್ಧ ಮುಳುಗಿ ಬಂದಿದ್ದ ಜಾಲಿಯ ದಿಮ್ಮಿ ಎಂದು ಆಮೇಲೆ ಗೊತ್ತಾಯಿತು. ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ವಿಮಾನ ಗರ್ರನೆ ತಿರುಗಿ, ರೆಕ್ಕೆ ನೀರಿಗೆ ನೆಟ್ಟು, ಮಗುಚಿತು. ದೊಡ್ಡ ಸಪ್ಪಳವೇನೂ ಆಗಲಿಲ್ಲ. ಮಗುಚಿದ ಬಂಡಿಯ ಗಾಲಿಗಳ ಹಾಗೆ ಎರಡು ಫ್ಲೋಟು ಮೇಲೆ ಉಳಿದವು, ಬೇರೇನೂ ಇಲ್ಲ.

ಅಂಬಿಗ ಆಗಲೇ ದೋಣಿ ತಿರುಗಿಸಿದ್ದ. ನಾನು ಎಣಿಸತೊಡಗಿದೆ. ಎಂಟಾಯಿತು. ಈಗ ಬಾಗಿಲು. ಈಗ ಬೆಲ್ಟು. ಹನ್ನೆರಡು. ಹದಿನೈದಕ್ಕೆ ಒಂದು ತಲೆ ಮೇಲೆ ಬಂತು. ನರೆತ ತಲೆ. ಸಾರ್ ತಮ್ಮ ಕಡೆಯ ಬಾಗಿಲಿನಿಂದ ಹೊರಗೆ ಬಂದಿದ್ದರು, ಒಂದು ಕೈ ಜೋತು ಬಿದ್ದಿತ್ತು. ಇನ್ನೊಂದು ಕೈಯಿಂದ ಫ್ಲೋಟು ಹಿಡಿದು ಆ ಕಡೆ ಈ ಕಡೆ ನೋಡಿದರು. ಅವಳು ಬಂದಿಲ್ಲ ಎಂಬುದು ಅವರ ಮುಖ ನೋಡಿಯೇ ನನಗೆ ತಿಳಿಯಿತು. ಜೋತು ಬಿದ್ದ ಕೈಯಲ್ಲೇ ಅವರು ಮತ್ತೆ ಮುಳುಗಲು ನೋಡಿದರು, ಆಗಲಿಲ್ಲ.

ಇಪ್ಪತ್ತು. ಬಾಗಿಲು ತೆರೆದಿಲ್ಲ. ತೆರೆದಿದ್ದರೆ ಇಷ್ಟೊತ್ತಿಗೆ ಬರುತ್ತಿದ್ದಳು. ಬಾಗಿಲು ತೆರೆಯದಿದ್ದರೆ ಏನು ಮಾಡಬೇಕು? ಆಗ ನನಗೆ ಆ ಐದನೆಯ ಮಾತು ನೆನಪಾಯಿತು. ನಾನು ಹೇಳಿಸದೆ ಬಿಟ್ಟದ್ದು. ಅವಳ ಕಾಲಿಗೆ ಲಟ್ಟಣಿಗೆಯಿಂದ ತಟ್ಟಿ ತಟ್ಟಿ ನಾನೇ ಮರೆಸಿದ್ದು. ಅಷ್ಟು ದಿನ ನಾನು ನೀರಿಗೆ ಹೆದರಿದ್ದೆ. ಆಗ ನನಗೆ ನನ್ನ ಬಗ್ಗೆಯೇ ಹೆದರಿಕೆಯಾಯಿತು.

ದೋಣಿ ಮುಟ್ಟುವ ಮೊದಲೇ ಜಿಗಿದೆ. ‘ಇಳೀಬ್ಯಾಡ್ರಿ ಯವ್ವ, ಜಾಕೀಟ ಐತಿ’ ಎಂದು ಅಂಬಿಗ ಕೂಗಿದ್ದು ನೀರಿಗೆ ಬಿದ್ದ ಮೇಲೆ ಅರ್ಥವಾಯಿತು. ಮುಳುಗಲು ಆಗಲೇ ಇಲ್ಲ. ತಲೆ ಒಳಗೆ ಹಾಕಿದರೆ ಜಾಕೀಟು ಮೇಲೆ ಎತ್ತಿ ಎಸೆಯುತ್ತಿತ್ತು. ಓಣಿಗೆಲ್ಲ ಒಬ್ಬಳೇ ಈಜುಗಾತಿ, ಮಗಳಿಂದ ಎರಡು ಮಾರು ಮೇಲೆ, ಬೆಂಡಿನ ಹಾಗೆ ತೇಲುತ್ತಿದ್ದೆ. ಕ್ಲಿಪ್ಪು ಹುಡುಕಿದೆ. ಒದ್ದೆ ಸೆರಗು ಸುತ್ತಿಕೊಂಡಿತ್ತು, ಬೆರಳಿಗೆ ಒಂದು ಸಿಕ್ಕಿತು, ಎರಡನೆಯದು ಸಿಗಲಿಲ್ಲ. ನಾನು ನೀರಿಗೆ ಮುಖ ಹಚ್ಚಿ ‘ಒದಿ, ಒದಿ’ ಎಂದು ಕೂಗತೊಡಗಿದೆ. ಬಾಯೊಳಗೆ ಕೆಸರು ನೀರು ಹೋಯಿತು. ಉಗುಳಿ ಮತ್ತೆ ಕೂಗಿದೆ.

ಆಗ ನೀರೊಳಗಿಂದ ಧಡ್ ಎಂದಿತು. ಕಿವಿಗಿಂತ ಮೊದಲು ಹೊಟ್ಟೆಗೆ ತಾಗಿತು. ಇನ್ನೊಮ್ಮೆ. ಸ್ವಲ್ಪ ಹೊತ್ತು ಏನೂ ಇಲ್ಲ. ಮೂರನೆಯದು ಬಂದ ಮೇಲೆ ಗಾಜು ಕಿತ್ತು ಹೋಗಿರಬೇಕು, ಗುಳ್ಳೆಗಳ ಒಂದು ಬುಗ್ಗೆ ಮೇಲೆ ಬಂತು, ಅದರ ಹಿಂದೆ ಒಂದು ಕೈ. ಅಂಬಿಗ ಆ ಕೈ ಹಿಡಿದು ಎಳೆದ.

ಎಮ್ಮಿಗನೂರಿನ ಆಸ್ಪತ್ರೆಯಲ್ಲಿ ಸಾರ್ ಅವರ ಭುಜಕ್ಕೆ ಪಟ್ಟಿ ಹಾಕಿದರು. ಮಗಳ ಬಲಗಾಲಿನ ಹಿಮ್ಮಡಿ ಸೀಳಿತ್ತು, ಒಂಬತ್ತು ಹೊಲಿಗೆ. ಮಧ್ಯಾಹ್ನ ಹೊರಳಿದ ಮೇಲೆ ಅವಳು ಮಾತಾಡುವಂತಾದಳು. ನಾನು ಮಂಚದ ತುದಿಯಲ್ಲಿ ಅವಳ ಕಾಲ ಹತ್ತಿರ ಕೂತಿದ್ದೆ, ಮೈಮೇಲಿನ ಸೀರೆ ಇನ್ನೂ ಹಸಿಯಾಗಿತ್ತು.

‘ಕೈ ಬಿಟ್ಟಿರಲಿಲ್ಲ ಅವ್ವ’ ಎಂದಳು. ‘ಎಂಟು ಎಣಿಸ್ದೆ. ಹಿಡಿಕಿ ತಿರುವಿದೆ. ಬಾಗಲ ತಗೀಲಿಲ್ಲ. ಮತ್ತ ಮೊದಲಿಂದ ಎಣಿಸ್ದೆ, ಮತ್ತ ತಿರುವಿದೆ. ಅಲ್ಲಿಗೆ ಮಾತು ಮುಗದಿದ್ವು. ಮುಂದೇನು ಅಂತ ಹೊಳೀಲಿಲ್ಲ.’

ನಾನು ಅವಳ ಕಾಲಿನ ಪಟ್ಟಿಯ ಅಂಚು ಸರಿಮಾಡಿದೆ.

‘ಕಾಲು ಎತ್ತಿದೆ. ನಿನ್ನ ದನಿ ಕೇಳಿಸ್ತು, ಒದೀಬ್ಯಾಡ ಅಂತ. ಇಳಿಸಿದೆ.’

‘ಆಮ್ಯಾಲೆ?’ ಎಂದೆ.

‘ಆಮ್ಯಾಲೂ ನಿನ್ನ ದನಿನ. ಸಣ್ಣಾಕಿದ್ದಾಗ ಬಾವ್ಯಾಗ ಕೂಗ್ತಿದ್ದೆಲ್ಲ, ಅದು.’ ಅವಳು ಚಾವಣಿಯ ಫ್ಯಾನು ನೋಡುತ್ತಿದ್ದಳು. ‘ಎರಡೂ ನೀನ ಹೇಳಿದ್ದು ಅವ್ವ. ಯಾವುದು ಕೇಳಬೇಕಿತ್ತು ನಾನು?’

ಕೋಪದಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿಯಲೆಂದು ಕೇಳಿದಳು. ಕೋಪ ಮಾಡಿಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು. ಐದನೆಯದನ್ನು ನಾನು ಹೆದರಿ ಬಿಟ್ಟೆ ಎಂದು ಹೇಳಿದೆ. ಬಾವಿಯ ಹತ್ತಿರ ಸಾರ್ ಕೇಳಿದಾಗ ಬಾಯಿ ಮುಚ್ಚಿಕೊಂಡು ಕೂತದ್ದಕ್ಕೂ ತಪ್ಪಾಯಿತು ಎಂದೆ. ಪಕ್ಕದ ಮಂಚದಲ್ಲಿ ಸಾರ್ ಎಚ್ಚರವಾಗಿದ್ದರು, ಅವರೂ ಕೇಳಿರಬೇಕು. ಮಗಳು ಪಟ್ಟಿ ಕಟ್ಟಿದ ಕಾಲನ್ನು ಮೆಲ್ಲಗೆ ಸರಿಸಿ ನನ್ನ ತೊಡೆಯ ಮೇಲೆ ಇಟ್ಟಳು.

ಇನ್ನು ಅವಳು ನೀರಿನ ಕಡೆ ತಲೆ ಹಾಕದಿರಲಿ ಎಂದು ನಾನು ಮನಸ್ಸಿನಲ್ಲಿ ಎಷ್ಟು ದೇವರಿಗೆ ಹರಕೆ ಹೊತ್ತೆನೋ. ಹೊಲಿಗೆ ಬಿಚ್ಚಿ, ಕುಂಟುವುದು ನಿಂತ ಮೇಲೆ ಒಂದು ಭಾನುವಾರ ಅವಳೇ ಕುರ್ಚಿ ಎಳೆದುಕೊಂಡು ಹೋಗಿ ಕಿಟಕಿಯ ಪಕ್ಕ ಹಾಕಿದಳು. ವಲ್ಲಿ ತಂದು ನನ್ನ ಕೈಗೆ ಕೊಟ್ಟಳು.

‘ನಾಳಿಂದ ಮತ್ತ ಹೋಗ್ತೀನಿ. ಹೇಳ್ಸು. ಈ ಸರ್ತಿ ಐದೂ ಹೇಳ್ಸು.’

ಹೋಗಬೇಡ ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅಂದಿದ್ದರೆ ಉಳಿಯುತ್ತಿದ್ದಳೋ ಏನೋ. ಆದರೆ ಹೆದರಿ ಹೇಳಿದ ಒಂದು ‘ಬ್ಯಾಡ’ ಏನು ಮಾಡುತ್ತದೆ ಎಂಬುದನ್ನು ನಾನು ನೋಡಿದ್ದೆ. ಅವಳ ಕಣ್ಣು ಕಟ್ಟಿದೆ. ಸೊಂಟಕ್ಕೆ ಸೀರೆಯ ಗಂಟು ಬಿಗಿದೆ. ಕಿಟಕಿಯ ಗಾಜಿನ ಬದಲು ಒಂದು ಹತ್ತಿಯ ದಿಂಬನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಬಲಗಡೆ ಕೂತೆ. ಕೈ ಅಂದೆ. ಎಣಿಕಿ ಅಂದೆ, ಅವಳು ಎಂಟರವರೆಗೆ ಎಣಿಸಿದಳು. ಬಾಗಲ ಅಂದೆ, ಚಿಲಕ ಅಲುಗಿಸಿ ‘ಸಿಕ್ಕೊಂಡೈತಿ’ ಅಂದಳು. ಬೆಲ್ಟಿನ ಗಂಟಿಗೆ ಕೈ ಹಾಕದೆ ನನ್ನ ಮಾತಿಗಾಗಿ ಕಾದಳು. ಅವಳು ಉಸಿರು ಹಿಡಿದೇ ಇದ್ದಳು, ಕುತ್ತಿಗೆಯ ನರ ಉಬ್ಬುತ್ತಿತ್ತು.

‘ಒದಿ’ ಅಂದೆ.

ಹಿಮ್ಮಡಿ ದಿಂಬಿಗೆ ಬಡಿಯಿತು. ನಾನು ಹಿಂದಕ್ಕೆ ಹೋಗಿ ಗೋಡೆಗೆ ಬಿದ್ದೆ, ಎರಡೂ ಮೊಣಕೈ ಜುಮ್ಮೆಂದವು. ಎದ್ದು ಬಂದು ದಿಂಬನ್ನು ಮತ್ತೆ ಮೊದಲಿನ ಜಾಗದಲ್ಲೇ ಹಿಡಿದೆ.

‘ಇನ್ನೂ ಜೋರ್ಲೆ’ ಅಂದೆ.